ಕಿರಿದರ ಹಿರಿಮೆ

ಪ್ರಪಂಚದ ಯಾವ ಹಬ್ಬವನ್ನೇ ತೆಗೆದುಕೊಂಡರೂ ಅದಕ್ಕೆ ಎರಡು ಮುಖಗಳಿರುತ್ತವೆ. ಒಂದು ಮುಖ ಮನೆಯ ಒಳಗೆ ತಿರುಗಿರುತ್ತದೆ. ಅಲ್ಲಿ ಹೊಸ ಬಟ್ಟೆ, ಸಿಹಿ ಊಟ, ನೆಂಟರಿಷ್ಟರ ಸಂಭ್ರಮ. ಇನ್ನೊಂದು ಮುಖ ಬೀದಿಯ ಕಡೆಗೆ ತಿರುಗಿರುತ್ತದೆ; ಹಬ್ಬದ ಭಾಗ್ಯವಿಲ್ಲದವರು ಯಾರಾದರೂ ಹೊರಗೆ ಉಳಿದಿದ್ದಾರೆಯೇ ಎಂದು ಅದು ಅರಸುತ್ತಿರುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ನಾವು ನಮ್ಮ ಮನೆಯಲ್ಲೇ ತಿಂದು ಮುಗಿಸುವುದಿಲ್ಲ, ಮನೆಮನೆಗೆ ಹಂಚುತ್ತೇವೆ. ರಂಜಾನ್ ಹಬ್ಬದ ಪ್ರಾರ್ಥನೆಗೆ ಹೊರಡುವ ಮುನ್ನ ಬಡವರ ಪಾಲನ್ನು ತೆಗೆದುಕೊಡಬೇಕೆಂಬ ನಿಯಮ ಮುಸಲ್ಮಾನರಲ್ಲಿದೆ. ಡಿಸೆಂಬರ್ 25ರಂದು ಬರುವ ಕ್ರಿಸ್‌ಮಸ್ ಹಬ್ಬವೂ ಇದಕ್ಕೆ ಹೊರತಲ್ಲ.

ಯೇಸುಕ್ರಿಸ್ತನ ಜನನದ ಕಥೆಯಲ್ಲಿಯೇ ಈ ಎರಡನೆಯ ಮುಖ ಕಾಣಿಸುತ್ತದೆ. ಪ್ರಯಾಣದಿಂದ ಬಳಲಿದ ತುಂಬು ಗರ್ಭಿಣಿಗೆ ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳ ದೊರೆಯಲಿಲ್ಲ. ಹುಟ್ಟಿದ ಕೂಸಿಗೆ ದನಗಳ ಗೋದಲಿಯೇ ತೊಟ್ಟಿಲಾಯಿತು. ಒಂದು ಮೂಲೆಯಷ್ಟು ಜಾಗ, ಒಂದು ಹಿಡಿ ಒಣಹುಲ್ಲು, ಅಷ್ಟೇ ಅಂದು ಬೇಕಾಗಿದ್ದುದು. ಈ ಕಥೆಯನ್ನು ವರ್ಷವರ್ಷವೂ ಕೇಳುವವರಿಗೆ, ಬಾಗಿಲ ಹೊರಗೆ ನಿಂತವರ ನೆನಪಾಗುವುದು ಸಹಜ. ಇದಲ್ಲದೆ ಯೂರೋಪಿನಲ್ಲಿ ಈ ಹಬ್ಬ ಕಡುಚಳಿಯ ಕಾಲದಲ್ಲಿ ಬರುತ್ತದೆ. ಆಗ ಹಗಲು ಕಿರಿದು, ಇರುಳು ನೀಳ. ಒಲೆಗೆ ಸೌದೆಯಿಲ್ಲದ ಮನೆಯಲ್ಲಿ ಬಡತನವು ವರ್ಷದ ಬೇರೆಲ್ಲ ಕಾಲಕ್ಕಿಂತ ಕ್ರೂರವಾಗಿರುತ್ತದೆ. ಆದುದರಿಂದ ನೆರೆಯವನಿಗೆ ಒಂದು ಹೊರೆ ಸೌದೆ, ಒಂದು ಬಟ್ಟಲು ಬಿಸಿ ಸಾರು, ಒಂದು ಕಂಬಳಿ ಕೊಡುವುದು ಅಲ್ಲಿ ಹಬ್ಬದ ಅಂಗವೇ ಆಗಿಹೋಯಿತು.

ಇಂಥ ಸಣ್ಣಪುಟ್ಟ ಉಪಕಾರಗಳ ವಿಷಯದಲ್ಲಿ ವಿಚಾರವಂತರು ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಮೊದಲನೆಯದು, ಅವು ತೀರ ಸಣ್ಣವು ಎಂಬುದು. ಸಾವಿರಾರು ಜನರು ಹಸಿದಿರುವಾಗ ಒಂದು ರೊಟ್ಟಿಯಿಂದ ಏನಾದೀತು ಎಂದು ಅವರು ಕೇಳುತ್ತಾರೆ. ಎರಡನೆಯದು, ಅವು ಒಂದು ದಿನದ ಮಾತು ಎಂಬುದು. ಹಬ್ಬ ಮುಗಿದೊಡನೆ ಕರುಣೆಯೂ ತೋರಣದೊಂದಿಗೆ ಒಣಗಿಹೋಗುತ್ತದೆ ಎಂದು ಅವರು ಹೇಳುತ್ತಾರೆ. ಇವು ಹುರುಳಿಲ್ಲದ ಆಕ್ಷೇಪಗಳಲ್ಲ. ಇವಕ್ಕೆ ಉತ್ತರ ಕೊಡಬೇಕಾದುದು ನಮ್ಮ ಕರ್ತವ್ಯ. ಆದರೆ ಬರಿಯ ವಾದದಿಂದ ಉತ್ತರ ಹೊಳೆಯದು. ಆದುದರಿಂದ ಕ್ರಿಸ್‌ಮಸ್ ಕಾಲದಲ್ಲಿ ಹುಟ್ಟಿದ ಒಂದು ಸಣ್ಣ ಸೇವೆಯ ಚರಿತ್ರೆಯನ್ನು ಮೊದಲು ನೋಡೋಣ.

ನೂರಿಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಆಗ ಕ್ಷಯರೋಗವೆಂದರೆ ಮೃತ್ಯುವಿನ ಮತ್ತೊಂದು ಹೆಸರು. ಈ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1882ರಲ್ಲಿ ಕಂಡುಹಿಡಿದನು. ಸಾಯುವ ಏಳು ಜನರಲ್ಲಿ ಒಬ್ಬನು ಈ ರೋಗದಿಂದಲೇ ಸಾಯುತ್ತಾನೆಂದು ಅವನು ಆ ಸಂದರ್ಭದಲ್ಲಿ ತಿಳಿಸಿದನು. ಶತ್ರು ಯಾರೆಂದು ತಿಳಿಯಿತು. ಆದರೆ ಶತ್ರುವನ್ನು ಕೊಲ್ಲುವ ಆಯುಧ ಇನ್ನೂ ದೊರೆತಿರಲಿಲ್ಲ. ಕ್ಷಯದ ಕ್ರಿಮಿಯನ್ನು ನಾಶಮಾಡಬಲ್ಲ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ದೊರೆತದ್ದು 1943ರಲ್ಲಿ. ಅಲ್ಲಿಯವರೆಗೆ ವೈದ್ಯರು ಕೊಡಬಹುದಾಗಿದ್ದುದು ನಾಲ್ಕೇ ವಸ್ತುಗಳು: ಶುದ್ಧವಾದ ಗಾಳಿ, ಬಿಸಿಲು, ವಿಶ್ರಾಂತಿ ಮತ್ತು ಪುಷ್ಟಿಕರವಾದ ಆಹಾರ. ಇವು ನಾಲ್ಕೂ ಪ್ರಕೃತಿಯ ಕೊಡುಗೆಗಳೇ ಆದರೂ ನಗರದ ಇಕ್ಕಟ್ಟಾದ ಓಣಿಯಲ್ಲಿ ವಾಸಿಸುವ ಕೂಲಿಕಾರನ ಮಗುವಿಗೆ ಇವು ನಾಲ್ಕೂ ದುರ್ಲಭವಾಗಿದ್ದವು. ಅವನ್ನು ಒದಗಿಸಲು ಊರಾಚೆ ಆರೋಗ್ಯಧಾಮಗಳನ್ನು ಕಟ್ಟಬೇಕಾಗಿತ್ತು. ಕಟ್ಟಲು ಹಣ ಬೇಕಾಗಿತ್ತು.

ಡೆನ್ಮಾರ್ಕ್ ದೇಶದಲ್ಲಿ ಐನಾರ್ ಹೋಲ್‌ಬೋಲ್ ಎಂಬ ಅಂಚೆ ನೌಕರನಿದ್ದನು. ಅವನು ಶ್ರೀಮಂತನಲ್ಲ, ವೈದ್ಯನಲ್ಲ, ಮಂತ್ರಿಯಲ್ಲ. ಕಾಗದಗಳನ್ನು ವಿಂಗಡಿಸುವುದು ಅವನ ಕೆಲಸ. ಕ್ರಿಸ್‌ಮಸ್ ಕಾಲದಲ್ಲಿ ಶುಭಾಶಯ ಪತ್ರಗಳು ಅಂಚೆ ಕಚೇರಿಯಲ್ಲಿ ಗುಡ್ಡದಂತೆ ಬೀಳುತ್ತಿದ್ದವು. 1903ರ ಡಿಸೆಂಬರಿನಲ್ಲಿ ಆ ರಾಶಿಯ ನಡುವೆ ಕುಳಿತಿದ್ದಾಗ ಅವನಿಗೊಂದು ಆಲೋಚನೆ ಹೊಳೆಯಿತು. ಈ ಒಂದೊಂದು ಪತ್ರದ ಮೇಲೂ ಅಂಚೆಚೀಟಿಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಚೀಟಿಯನ್ನು ಅಂಟಿಸುವಂತಾದರೆ ಹೇಗೆ? ಆ ಚೀಟಿಗೆ ಅಂಚೆಯ ಬೆಲೆಯಿರದು. ಅದರಿಂದ ಕಾಗದ ಬೇಗ ತಲುಪುವುದೂ ಇಲ್ಲ. ಅದನ್ನು ಕೊಂಡ ಹಣವೆಲ್ಲವೂ ಕ್ಷಯದಿಂದ ನರಳುವ ಮಕ್ಕಳಿಗೆ ಸೇರುತ್ತದೆ.

ಅವನು ಈ ಆಲೋಚನೆಯನ್ನು ತನ್ನ ಸಹೋದ್ಯೋಗಿಗಳ ಮುಂದಿಟ್ಟನು. ದೇಶದ ದೊರೆಯಾದ ಒಂಬತ್ತನೆಯ ಕ್ರಿಶ್ಚಿಯನ್ ಅದಕ್ಕೆ ಒಪ್ಪಿಗೆಯಿತ್ತನು. ಹೀಗೆ 1904ರ ಕ್ರಿಸ್‌ಮಸ್‌ಗೆ ಪ್ರಪಂಚದ ಮೊಟ್ಟಮೊದಲ ಕ್ರಿಸ್‌ಮಸ್ ಚೀಟಿ ಹೊರಬಂದಿತು. ಅದರ ಮೇಲೆ ಗತಿಸಿದ್ದ ರಾಣಿ ಲೂಯಿಸಳ ಚಿತ್ರವಿತ್ತು. ಬೆಲೆ ಎರಡು ‘ಓರೆ’. ಎಂದರೆ ಆ ದೇಶದ ನಾಣ್ಯವಾದ ಕ್ರೋನಿನ ಐವತ್ತನೆಯ ಒಂದು ಭಾಗ. ಶಾಲೆಯ ಹುಡುಗನೂ ಕೊಡಬಹುದಾದ ಬೆಲೆ ಅದು. ಆಗ ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 25 ಲಕ್ಷ. ಆದರೆ ಆ ಒಂದೇ ಹಬ್ಬದಲ್ಲಿ ಮಾರಾಟವಾದ ಚೀಟಿಗಳು 40 ಲಕ್ಷಕ್ಕೂ ಹೆಚ್ಚು! ಹೀಗೆ ವರ್ಷವರ್ಷವೂ ಕೂಡಿದ ಹಣದಿಂದ ಕೋಲ್ಡಿಂಗ್ ಎಂಬ ಊರಿನ ಸಮುದ್ರ ತೀರದಲ್ಲಿ 1911ರಲ್ಲಿ ಮಕ್ಕಳಿಗಾಗಿ ಒಂದು ಭವ್ಯವಾದ ಆರೋಗ್ಯಧಾಮ ತಲೆಯೆತ್ತಿತು. ಹನಿ ಹನಿ ಗೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ?

ಈ ಚೀಟಿ ಸಾಗರವನ್ನೂ ದಾಟಿತು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಜೇಕಬ್ ರೀಸ್ ಎಂಬ ಪತ್ರಕರ್ತನಿಗೆ ತಾಯ್ನಾಡಿನಿಂದ ಬಂದ ಕಾಗದದ ಮೇಲೆ ಅದು ಕಾಣಿಸಿತು. ಅವನು ಕ್ಷಯರೋಗಕ್ಕೆ ತನ್ನ ಆರು ಮಂದಿ ಸಹೋದರರನ್ನು ಕಳೆದುಕೊಂಡಿದ್ದವನು. ಆ ಪುಟ್ಟ ಕಾಗದದ ಚೂರಿನ ಅರ್ಥವನ್ನು ಅವನಿಗಿಂತ ಚೆನ್ನಾಗಿ ತಿಳಿಯಬಲ್ಲವರು ಯಾರು? 1907ರಲ್ಲಿ ಅವನು ಅದರ ಬಗ್ಗೆ ಒಂದು ಲೇಖನವನ್ನು ಬರೆದನು.

ಆ ಲೇಖನವು ಡೆಲವೇರ್ ಸಂಸ್ಥಾನದ ವಿಲ್ಮಿಂಗ್ಟನ್ ನಗರದಲ್ಲಿದ್ದ ಎಮಿಲಿ ಬಿಸೆಲ್ ಎಂಬ ಮಹಿಳೆಯ ಕಣ್ಣಿಗೆ ಬಿದ್ದಿತು. ಅಲ್ಲಿ ಬ್ರ್ಯಾಂಡಿವೈನ್ ನದಿಯ ದಡದಲ್ಲಿ ಕೆಲವು ವೈದ್ಯರು ಬಡ ಕ್ಷಯರೋಗಿಗಳಿಗಾಗಿ ಒಂದು ಪುಟ್ಟ ಕುಟೀರವನ್ನು ನಡೆಸುತ್ತಿದ್ದರು. 300 ಡಾಲರುಗಳು ದೊರೆಯದಿದ್ದರೆ ಅದನ್ನು ಮುಚ್ಚಬೇಕಾಗಿತ್ತು. ಮುಚ್ಚಿದರೆ ಅಲ್ಲಿದ್ದ ರೋಗಿಗಳು ಸಾಯಲು ಮನೆಗೆ ಹಿಂದಿರುಗಬೇಕಾಗಿತ್ತು. ಬಿಸೆಲ್ ತಾನೇ ಒಂದು ಚಿತ್ರವನ್ನು ರಚಿಸಿ, ಸ್ನೇಹಿತರಿಂದ ಸಾಲ ಪಡೆದು ಚೀಟಿಗಳನ್ನು ಅಚ್ಚುಹಾಕಿಸಿದಳು. 1907ರ ಡಿಸೆಂಬರ್ 7ರಂದು ವಿಲ್ಮಿಂಗ್ಟನ್ ಅಂಚೆ ಕಚೇರಿಯಲ್ಲಿ ಒಂದೊಂದನ್ನು ಒಂದು ಸೆಂಟಿಗೆ ಮಾರತೊಡಗಿದಳು. ಮೊದಲು ಮಾರಾಟ ಮಂದವಾಗಿತ್ತು. ಆಕೆ ಎದೆಗುಂದದೆ ಫಿಲಡೆಲ್ಫಿಯ ನಗರದ ಪತ್ರಿಕೆಯೊಂದರ ನೆರವನ್ನು ಕೋರಿದಳು. ಆ ಪತ್ರಿಕೆ ಈ ಕಾರ್ಯವನ್ನು ತನ್ನದೇ ಎಂಬಂತೆ ಎತ್ತಿಕೊಂಡಿತು. ಪತ್ರಿಕೆ ಮಾರುವ ಹರಕು ಬಟ್ಟೆಯ ಹುಡುಗನೊಬ್ಬನು ಆ ಕಚೇರಿಗೆ ಬಂದು, ಎತ್ತರವಾದ ಅಮೃತಶಿಲೆಯ ಕಟ್ಟೆಯ ಮೇಲೆ ಕೈಚಾಚಿ ಒಂದು ಸೆಂಟನ್ನಿಟ್ಟು, ತನಗೊಂದು ಚೀಟಿ ಬೇಕು, ತನ್ನ ಅಕ್ಕನಿಗೆ ಆ ರೋಗವಿದೆ ಎಂದನೆಂದು ಹೇಳುತ್ತಾರೆ. ಹಬ್ಬ ಮುಗಿಯುವ ವೇಳೆಗೆ ಕೂಡಿದ ಮೊತ್ತ 3,000 ಡಾಲರು, ಬೇಕಾಗಿದ್ದುದರ ಹತ್ತರಷ್ಟು. ಕುಟೀರ ಉಳಿಯಿತು. ಮರುವರ್ಷ ಚೀಟಿ ಅಮೆರಿಕ ದೇಶಕ್ಕೆಲ್ಲ ಹಬ್ಬಿತು.

ಮೊದಲನೆಯ ಆಕ್ಷೇಪಕ್ಕೆ ಈ ಚರಿತ್ರೆ ಉತ್ತರವನ್ನು ಕೊಡುತ್ತದೆ. ಆದರೆ ಆ ಉತ್ತರವನ್ನು ನಾವು ಸರಿಯಾಗಿ ತಿಳಿಯಬೇಕು. ಸಣ್ಣ ಕಾಣಿಕೆಗಳು ಕೂಡಿ ದೊಡ್ಡ ಮೊತ್ತವಾಯಿತು ಎಂಬುದಷ್ಟೇ ಇದರ ಸಾರವಾಗಿದ್ದರೆ ಇದು ಬರಿಯ ಲೆಕ್ಕದ ಪಾಠವಾಗುತ್ತಿತ್ತು. ಇಲ್ಲಿ ಸಣ್ಣತನವು ಸೇವೆಯ ದೋಷವಾಗಿರಲಿಲ್ಲ. ಅದೇ ಸೇವೆಯ ಶಕ್ತಿಯಾಗಿತ್ತು ಎಂಬುದು ಗಮನಿಸಬೇಕಾದ ಅಂಶ. ಚೀಟಿಯ ಬೆಲೆ ನೂರು ಕ್ರೋನ್ ಆಗಿದ್ದರೆ ಅದನ್ನು ಧನಿಕರು ಮಾತ್ರ ಕೊಳ್ಳುತ್ತಿದ್ದರು. ಉಳಿದವರು ದೂರ ನಿಂತು ನೋಡುತ್ತಿದ್ದರು. ಎರಡು ಓರೆಯಾದುದರಿಂದ ತೋಟಿಯೂ ದೊರೆಯೂ ಒಂದೇ ಚೀಟಿಯನ್ನು ಕೊಂಡರು. ಪತ್ರಿಕೆ ಮಾರುವ ಹುಡುಗನೂ, ತನ್ನ ಅಕ್ಕನಿಗಾಗಿ ಏನನ್ನಾದರೂ ಮಾಡಬಲ್ಲೆನೆಂಬ ಧೈರ್ಯವನ್ನು ಪಡೆದನು. ಕೊಡುವ ಅಧಿಕಾರವು ಉಳ್ಳವರ ಸೊತ್ತಲ್ಲ, ಅದು ಎಲ್ಲ ಮನುಷ್ಯರ ಹಕ್ಕು ಎಂಬುದನ್ನು ಆ ಅಲ್ಪ ಬೆಲೆಯೇ ಸಾರಿ ಹೇಳಿತು.

ಎರಡನೆಯದಾಗಿ, ಹೋಲ್‌ಬೋಲ್ ಜನರಿಂದ ಹೊಸದಾದ ತ್ಯಾಗವನ್ನೇನೂ ಬೇಡಲಿಲ್ಲ. ಅವರು ಹೇಗೂ ಕಾಗದ ಬರೆಯುತ್ತಿದ್ದರು, ಹೇಗೂ ಅಂಚೆ ಕಚೇರಿಗೆ ಬರುತ್ತಿದ್ದರು. ಅವರು ನಡೆಯುವ ದಾರಿಯಲ್ಲಿಯೇ ಅವನು ಸೇವೆಯನ್ನು ಇಟ್ಟನು. ಲೋಕದಲ್ಲಿ ಕರುಣೆಯಿಲ್ಲದ ಜನರು ಕಡಮೆ. ಕರುಣೆಯನ್ನು ಕೃತಿಗೆ ಇಳಿಸುವ ದಾರಿ ತಿಳಿಯದವರು ಬಹಳ. ಅಂಥವರಿಗೆ ಸುಲಭವಾದ ದಾರಿಯನ್ನು ತೋರಿಸುವುದೂ ಒಂದು ದೊಡ್ಡ ಉಪಕಾರವೇ ಸರಿ. ಹೋಲ್‌ಬೋಲ್ ಇದನ್ನು ತನ್ನ ನಿತ್ಯದ ಕೆಲಸದ ನಡುವೆಯೇ ಕಂಡುಕೊಂಡನು. ತಾನು ಮಾಡುವ ಕಾಯಕವನ್ನು ಕಣ್ಣು ತೆರೆದು ಮಾಡುವವನಿಗೆ ಸೇವೆಯ ಅವಕಾಶವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮೂರನೆಯದು ಇವೆಲ್ಲಕ್ಕಿಂತ ಮುಖ್ಯವಾದುದು. ಕೋಲ್ಡಿಂಗಿನ ಆರೋಗ್ಯಧಾಮದಲ್ಲಿ ಮಲಗಿದ್ದ ಮಗುವಿಗೆ ತನ್ನ ಹಾಸಿಗೆಯನ್ನು ಕೊಟ್ಟವರು ಯಾರೆಂದು ತಿಳಿದಿರಲಿಲ್ಲ; ಕೊಟ್ಟವರಿಗೂ ಆ ಮಗು ಯಾವುದೆಂದು ತಿಳಿದಿರಲಿಲ್ಲ. ಆದುದರಿಂದ ಆ ಮಗು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿರಲಿಲ್ಲ. ದಾನದಲ್ಲಿ ಒಂದು ಅಪಾಯವಿದೆ. ಅದು ಕೊಡುವವನನ್ನು ಎತ್ತರದಲ್ಲಿ ನಿಲ್ಲಿಸಿ, ತೆಗೆದುಕೊಳ್ಳುವವನನ್ನು ಕೆಳಗೆ ನಿಲ್ಲಿಸುತ್ತದೆ. ಹಬ್ಬದ ದಿನ ಬಡವರನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದು ಸೀರೆಯನ್ನೋ ಒಂದು ಹಣ್ಣನ್ನೋ ಕೊಟ್ಟು, ಕೊಡುವಾಗ ಛಾಯಾಚಿತ್ರ ತೆಗೆಸಿಕೊಳ್ಳುವವರನ್ನು ನಾವು ಇಂದೂ ಕಾಣುತ್ತೇವೆ. ಅಲ್ಲಿ ಕೊಟ್ಟದ್ದು ಒಂದು ಹಣ್ಣು. ಕಸಿದುಕೊಂಡದ್ದು ಒಬ್ಬ ಮನುಷ್ಯನ ಮಾನ. ಈ ವ್ಯಾಪಾರದಲ್ಲಿ ಲಾಭ ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ. ಸೇವೆ ಸಣ್ಣದಾದರೂ ಚಿಂತೆಯಿಲ್ಲ, ಅದು ಪಡೆದವನನ್ನು ಸಣ್ಣವನನ್ನಾಗಿ ಮಾಡಬಾರದು.

ಮಾನಕ್ಕೆ ಕುಂದಿಲ್ಲದಂತೆ ಕೊಡುವ ಬಗೆಯನ್ನು ಕಾಣಲು ನಾವು ಡೆನ್ಮಾರ್ಕಿಗೇ ಹೋಗಬೇಕಾಗಿಲ್ಲ. ನಮ್ಮ ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ‘ಕುಸ್ವಾರ್’ ಎಂಬ ತಿಂಡಿಗಳನ್ನು ಮಾಡುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ ಮುಂತಾದವುಗಳಿಂದ ತುಂಬಿದ ತಟ್ಟೆಗಳು ಮುಚ್ಚಿದ ಬಟ್ಟೆಯ ಕೆಳಗೆ ನೆರೆಹೊರೆಯ ಹಿಂದೂ ಮನೆಗಳಿಗೂ ಮುಸಲ್ಮಾನರ ಮನೆಗಳಿಗೂ ಹೋಗುತ್ತವೆ. ದೀಪಾವಳಿಗೋ ರಂಜಾನಿಗೋ ಆ ಮನೆಗಳಿಂದಲೂ ಸಿಹಿ ತಿಂಡಿ ಬರುತ್ತದೆ. ಇಲ್ಲಿ ದಾನಿಯೂ ಇಲ್ಲ, ಯಾಚಕನೂ ಇಲ್ಲ. ಇಬ್ಬರು ನೆರೆಯವರಿದ್ದಾರೆ, ಅಷ್ಟೆ. ನೆರೆಯವರಾಗಿ ಬಾಳುವುದನ್ನು ಇಂಥ ತಟ್ಟೆಗಳು ತಲೆಮಾರಿನಿಂದ ತಲೆಮಾರಿಗೆ ಕಲಿಸುತ್ತ ಬಂದಿವೆ.

ಇನ್ನು ಎರಡನೆಯ ಆಕ್ಷೇಪ. ಹಬ್ಬದ ಕರುಣೆ ಹಬ್ಬದೊಂದಿಗೇ ಮುಗಿಯುತ್ತದೆ ಎಂಬ ಮಾತು ಬಹುಮಟ್ಟಿಗೆ ನಿಜ. ಡಿಸೆಂಬರ್ 25ರಂದು ಹಸಿದವನು ಜನವರಿಯಲ್ಲಿಯೂ ಹಸಿಯುತ್ತಾನೆ. ರೋಗದ ಕ್ರಿಮಿಗೆ ಪಂಚಾಂಗ ತಿಳಿಯದು. ಒಂದು ದಿನ ಒಬ್ಬನಿಗೆ ಊಟ ಹಾಕಿ ಉಳಿದ 364 ದಿನಗಳು ಅವನನ್ನು ಮರೆಯುವುದು ಕರುಣೆಯಲ್ಲ. ಅದು ನಮ್ಮ ಮನಸ್ಸಾಕ್ಷಿಗೆ ನಾವೇ ಹಾಡುವ ಜೋಗುಳ. ಆದರೆ ಇದರಿಂದ ಹಬ್ಬದ ದಿನದ ಕರುಣೆಯೂ ಬೇಡವೆಂದು ತೀರ್ಮಾನಿಸುವುದು ಸರಿಯಲ್ಲ. ಬಿತ್ತನೆಗೆ ಒಂದು ಹದವಿದೆ. ರೈತನು ಆ ಹದದಲ್ಲಿಯೇ ಬಿತ್ತುತ್ತಾನೆ. ಬಿತ್ತಿದ ಮಾತ್ರಕ್ಕೆ ಬೆಳೆ ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತು. ಕಳೆ ಕೀಳಬೇಕು, ನೀರು ಹಾಯಿಸಬೇಕು, ಕಾವಲು ಕಾಯಬೇಕು. ಹಬ್ಬವೆಂಬುದು ಮನುಷ್ಯನ ಮನಸ್ಸು ಹದವಾಗಿರುವ ಕಾಲ. ಆಗ ಬಿತ್ತಿದ್ದನ್ನು ವರ್ಷವೆಲ್ಲ ಬೆಳೆಸುವ ಹೊಣೆ ನಮ್ಮದು.

ಡೆನ್ಮಾರ್ಕಿನ ಚೀಟಿಯ ಹಿರಿಮೆ ಇರುವುದು ಇಲ್ಲಿಯೇ. ಚೀಟಿ ಮಾರಾಟವಾದದ್ದು ಹಬ್ಬದ ಕೆಲವು ವಾರಗಳಲ್ಲಿ. ಆದರೆ ಆರೋಗ್ಯಧಾಮದ ದೀಪ ಉರಿದದ್ದು ವರ್ಷದ ಎಲ್ಲ ರಾತ್ರಿಗಳಲ್ಲಿ. ಮುಂದೆ ಔಷಧಿಗಳು ಬಂದವು, ಕ್ಷಯ ಆ ದೇಶದಲ್ಲಿ ಹಿಮ್ಮೆಟ್ಟಿತು. ಕೋಲ್ಡಿಂಗಿನ ಆ ಕಟ್ಟಡ ಇಂದು ಒಂದು ಹೋಟೆಲು. ಕ್ಷಯದ ಮಕ್ಕಳಿಗಾಗಿ ಕಟ್ಟಿದ ಮನೆಗೆ ಆ ಮಕ್ಕಳೇ ಇಲ್ಲದಂತಾಗುವುದಕ್ಕಿಂತ ದೊಡ್ಡ ಗೆಲುವು ಬೇರೆ ಯಾವುದಿದ್ದೀತು? ಚೀಟಿಯಾದರೋ ನಿಲ್ಲಲಿಲ್ಲ. ಅದರ ಹಣದಿಂದ ನಡೆಯುವ ಮಕ್ಕಳ ಮನೆಗಳು ಅಲ್ಲಿ ಈಗಲೂ ಇವೆ. ಒಂಟಿತನದಿಂದ ಕುಗ್ಗಿದ, ಜೊತೆಯವರ ಕೀಟಲೆಯಿಂದ ನೊಂದ ಮಕ್ಕಳು ಅಲ್ಲಿ ಕೆಲವು ವಾರಗಳ ಕಾಲ ಇದ್ದು ಚೇತರಿಸಿಕೊಳ್ಳುತ್ತಾರೆ. ಕಾಲ ಬದಲಾದಂತೆ ದುಃಖದ ರೂಪ ಬದಲಾಗುತ್ತದೆ. ಅದನ್ನು ಗುರುತಿಸುವ ಸೇವೆಯೂ ತನ್ನ ರೂಪವನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಈ ಚೀಟಿ ಭಾರತಕ್ಕೂ ಬಂದಿತು. 1939ರಲ್ಲಿ ಸ್ಥಾಪಿತವಾದ ಭಾರತೀಯ ಕ್ಷಯರೋಗ ಸಂಘವು 1950ರಲ್ಲಿ ‘ಟಿ.ಬಿ. ಸೀಲ್’ ಎಂಬ ಚೀಟಿಯ ಮಾರಾಟವನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಇದನ್ನು ಕ್ರಿಸ್‌ಮಸ್‌ಗೆ ಬದಲಾಗಿ ಅಕ್ಟೋಬರ್ 2ರ ಗಾಂಧೀಜಯಂತಿಗೆ ಜೋಡಿಸಿದರು. ಕುಷ್ಠರೋಗಿಗಳ ವ್ರಣಗಳನ್ನು ತಮ್ಮ ಕೈಯಿಂದಲೇ ತೊಳೆದ ಮಹಾತ್ಮರ ಹುಟ್ಟುಹಬ್ಬಕ್ಕೆ ಇದಕ್ಕಿಂತ ಉಚಿತವಾದ ಆಚರಣೆ ಇನ್ನೊಂದಿಲ್ಲ. ಒಂದು ಧರ್ಮದ ಹಬ್ಬದಲ್ಲಿ ಹುಟ್ಟಿದ ಸೇವೆ ಎಲ್ಲ ಧರ್ಮಗಳವರ ನಾಡಿನಲ್ಲಿ ಹೀಗೆ ಬೇರೂರಿತು. ಒಳ್ಳೆಯ ಕೆಲಸಕ್ಕೆ ಮತಭೇದವಿಲ್ಲ.

ಆದರೆ ಕ್ಷಯವು ಭಾರತವನ್ನು ಇನ್ನೂ ಬಿಟ್ಟು ತೊಲಗಿಲ್ಲ. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಜನರು ನಮ್ಮ ದೇಶದಲ್ಲಿಯೇ ಇದ್ದಾರೆ. ಇಷ್ಟು ಜನರನ್ನು ಆರೋಗ್ಯಧಾಮಗಳಲ್ಲಿ ಇರಿಸುವುದು ಎಂದಿಗೂ ಸಾಧ್ಯವಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಒಂದು ಅಧ್ಯಯನವು ಈ ತೊಡಕಿಗೆ ದಾರಿ ತೋರಿಸಿತು. ಬಡವರ ಮನೆಗಳಲ್ಲಿಯೇ ಇದ್ದುಕೊಂಡು ಕ್ರಮವಾಗಿ ಔಷಧಿ ಸೇವಿಸಿದ ರೋಗಿಗಳು, ಆರೋಗ್ಯಧಾಮದಲ್ಲಿದ್ದ ರೋಗಿಗಳಷ್ಟೇ ಚೆನ್ನಾಗಿ ಗುಣಹೊಂದಿದರು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ತುಮಕೂರು ಮೊದಲಾದ ಕಡೆಗಳಲ್ಲಿ ಹಳ್ಳಿಹಳ್ಳಿ ತಿರುಗಿ ಅದು ನಡೆಸಿದ ಅಧ್ಯಯನಗಳು 1962ರ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಳಹದಿಯಾದವು. ಅಂದಿನಿಂದ ನಮ್ಮ ದೇಶದಲ್ಲಿ ರೋಗಿಯ ಆಸ್ಪತ್ರೆ ಎಂದರೆ ಬಹುಮಟ್ಟಿಗೆ ಅವನ ಮನೆಯೇ.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಮನೆಯೇ ಆಸ್ಪತ್ರೆಯಾದರೆ ನೆರೆಹೊರೆಯವರೇ ದಾದಿಯರಾಗಬೇಕು. ಸಾಮಾನ್ಯವಾದ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧಿ ಸೇವಿಸಬೇಕು. ಎರಡು ತಿಂಗಳಿಗೇ ಕೆಮ್ಮು ಇಳಿದು ಮೈ ಹಗುರವಾಗುತ್ತದೆ. ಆಗ ರೋಗಿ ಔಷಧಿಯನ್ನು ಬಿಟ್ಟುಬಿಡುವ ಅಪಾಯವುಂಟು. ಬಿಟ್ಟರೆ ರೋಗ ಮರುಕಳಿಸುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಆಗ ‘ಇವತ್ತು ಮಾತ್ರೆ ತೆಗೆದುಕೊಂಡಿರಾ?’ ಎಂದು ಕೇಳುವ ಒಂದು ಮಾತು ಒಂದು ಪ್ರಾಣದ ಬೆಲೆಯುಳ್ಳದ್ದು. ಕ್ಷಯವು ಕೆಮ್ಮಿದಾಗ ಗಾಳಿಯ ಮೂಲಕ ಹರಡುತ್ತದೆಯೇ ಹೊರತು ತಟ್ಟೆಲೋಟಗಳಿಂದ ಹರಡುವುದಿಲ್ಲ. ಸರಿಯಾದ ಚಿಕಿತ್ಸೆ ಆರಂಭವಾದ ಮೇಲೆ ಹರಡುವ ಶಕ್ತಿಯೂ ಬೇಗನೆ ಕುಂದುತ್ತದೆ. ಆದರೂ ರೋಗಿಯ ತಟ್ಟೆಯನ್ನು ಬೇರೆ ಇಡುವ, ಅವನನ್ನು ಮದುವೆಮುಂಜಿಗಳಿಗೆ ಕರೆಯದಿರುವ, ಅವನ ಮಗುವಿನ ಪಕ್ಕದಲ್ಲಿ ಕೂರಬೇಡವೆಂದು ತಮ್ಮ ಮಕ್ಕಳಿಗೆ ಹೇಳುವ ಜನರಿದ್ದಾರೆ. ಎಷ್ಟೋ ರೋಗಿಗಳು ಕಾಯಿಲೆಗಿಂತ ಈ ತಿರಸ್ಕಾರಕ್ಕೆ ಹೆದರಿ ರೋಗವನ್ನೇ ಮುಚ್ಚಿಡುತ್ತಾರೆ. ಅಂಥ ಮನೆಯ ಜಗಲಿಯ ಮೇಲೆ ಹೋಗಿ ಕುಳಿತು ಹತ್ತು ನಿಮಿಷ ಮಾತನಾಡುವುದು ಒಂದು ಕಾಸೂ ಖರ್ಚಿಲ್ಲದ ಸೇವೆ. ಆದರೆ ಅದನ್ನು ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ಮಾಡಿಸಲಾರದು.

ಒಂದು ಹಿಡಿ ಅಕ್ಕಿಯನ್ನೂ ಹಗುರವಾಗಿ ಕಾಣಬಾರದು. ಜಾರ್ಖಂಡ್ ರಾಜ್ಯದಲ್ಲಿ ಕ್ಷಯರೋಗಿಗಳ ಕುಟುಂಬದವರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟು ನಡೆಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹೊಟ್ಟೆತುಂಬ ಉಂಡ ಆ ಮನೆಯವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡ 39ರಷ್ಟು ಕಡಮೆಯಾಯಿತು. ರೋಗ ಬರದಂತೆ ತಡೆಯುವ ಈ ಮದ್ದು ಯಾವ ಪ್ರಯೋಗಾಲಯದಿಂದಲೂ ಬಂದುದಲ್ಲ. ನಮ್ಮ ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಇರುವಂಥದು. ರೋಗಿಗಳ ಆಹಾರಕ್ಕಾಗಿ 2018ರಿಂದ ಸರ್ಕಾರವು ಹಣವನ್ನು ಕೊಡುತ್ತಿದೆ. 2022ರಲ್ಲಿ ಆರಂಭವಾದ ‘ನಿಕ್ಷಯ ಮಿತ್ರ’ ಯೋಜನೆಯಲ್ಲಿ ಯಾರು ಬೇಕಾದರೂ ಒಬ್ಬ ರೋಗಿಗೆ ಚಿಕಿತ್ಸೆಯ ಕಾಲದಲ್ಲಿ ತಿಂಗಳು ತಿಂಗಳೂ ಆಹಾರದ ಚೀಲವನ್ನು ಒದಗಿಸಬಹುದು. ಹಬ್ಬದಲ್ಲಿ ಹುಟ್ಟಿದ ಮರುಕವು ಆರು ತಿಂಗಳು ನಡೆಯಲು ಇದು ಸಿದ್ಧವಾಗಿರುವ ಒಂದು ದಾರಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಸಣ್ಣ ಸೇವೆಗಳನ್ನು ಹೊಗಳುವವರು, ಅವೇ ಸಾಕು, ದೊಡ್ಡ ಏರ್ಪಾಡುಗಳು ಬೇಡ ಎಂದು ಭಾವಿಸುವುದುಂಟು. ಅದು ತಪ್ಪು. ಔಷಧಿಯನ್ನು ಕಂಡುಹಿಡಿಯಲು ವಿಜ್ಞಾನ ಬೇಕು; ಅದನ್ನು ಮೂಲೆಮೂಲೆಗೆ ಮುಟ್ಟಿಸಲು ಸರ್ಕಾರ ಬೇಕು; ಕೂಲಿಕಾರನು ಇಕ್ಕಟ್ಟಾದ ಓಣಿಯಲ್ಲಿ ಉಸಿರುಕಟ್ಟಿ ಬದುಕದಂತೆ ಮಾಡಲು ನ್ಯಾಯವಾದ ಸಮಾಜ ಬೇಕು. ಕರುಣೆಯು ನ್ಯಾಯಕ್ಕೆ ಬದಲಿಯಲ್ಲ. ಆದರೆ ನ್ಯಾಯವನ್ನು ಹುಟ್ಟಿಸುವುದು ಕರುಣೆಯೇ. ರೋಗಿಯ ಗೋಳು ತನಗೆ ಸಂಬಂಧಿಸಿದ್ದು ಎಂದು ಲಕ್ಷಾಂತರ ಜನರು ಎರಡು ಓರೆಯ ಚೀಟಿಯ ಮೂಲಕ ಒಪ್ಪಿಕೊಂಡರು. ಸಾಮಾನ್ಯ ಜನರ ಮನಸ್ಸು ಮಿಡಿಯದ ನಾಡಿನಲ್ಲಿ ಆಳುವವರ ಮನಸ್ಸೂ ಮಿಡಿಯುವುದಿಲ್ಲ.

ಇಂದು ಕಾಗದ ಬರೆಯುವವರು ಕಡಮೆಯಾಗಿದ್ದಾರೆ. ಹಬ್ಬದ ಶುಭಾಶಯಗಳು ಕ್ಷಣಮಾತ್ರದಲ್ಲಿ ದೂರವಾಣಿಯ ತೆರೆಯ ಮೇಲೆ ಬಂದು ಬೀಳುತ್ತವೆ. ಚೀಟಿಯನ್ನು ಅಂಟಿಸಲು ಲಕೋಟೆಯೇ ಇಲ್ಲ. ಹಾಗೆಂದು ಸೇವೆಯ ಅವಕಾಶಗಳು ಇಲ್ಲದಾಗಿವೆಯೆ? ಶಾಲೆಗೆ ಹಲವು ದಿನಗಳಿಂದ ಬಾರದ ಸಹಪಾಠಿಗೆ ಪಾಠವನ್ನು ಬರೆದುಕೊಡುವುದು, ಓದು ಬಾರದ ಅಜ್ಜಿಗೆ ಔಷಧಿಯ ಚೀಟಿಯನ್ನು ಓದಿ ಹೇಳುವುದು, ತರಗತಿಯಲ್ಲಿ ಒಂಟಿಯಾಗಿ ಉಣ್ಣುವವನ ಪಕ್ಕದಲ್ಲಿ ಬುತ್ತಿ ಬಿಚ್ಚುವುದು, ಇವೆಲ್ಲ ನಾವು ನಡೆಯುವ ದಾರಿಯಲ್ಲಿಯೇ ಇವೆ. ಇವಕ್ಕೆ ಹಣ ಬೇಡ, ಪದವಿ ಬೇಡ. ಅಂಚೆಯ ಕಾಗದಗಳ ರಾಶಿಯ ನಡುವೆ ಹೋಲ್‌ಬೋಲನು ತೆರೆದಿಟ್ಟಿದ್ದ ಕಣ್ಣು ಬೇಕು. ಹಬ್ಬದ ದಿನ ಇಂಥ ಒಂದು ಕೆಲಸವನ್ನು ಆರಂಭಿಸೋಣ. ಆರಂಭಿಸಿದ್ದನ್ನು ಮರುದಿನವೂ ಮಾಡೋಣ. ಮಾಡಿದ್ದನ್ನು ಯಾರಿಗೂ ಹೇಳದಿರೋಣ.